ನಮ್ಮ ಬೂತಿನ ಲೆಕ್ಕ

ನಮ್ಮ ಮನೆಯ ವೋಟು ಯಾರಿಗೆ ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಜ್ಜನ ಕಾಲದಿಂದಲೂ ಒಂದೇ ಪಕ್ಷ. ಆ ಪಕ್ಷದ ಶಾಸಕರು ನಮ್ಮ ಕ್ಷೇತ್ರದಲ್ಲಿ ನಿಂತಾಗಲೆಲ್ಲ ಗೆದ್ದವರು. ಅವರ ಪರವಾಗಿ ಮನೆಮನೆಗೆ ಚೀಟಿ ಹಂಚಿದವನು ನಾನು, ಬೂತ್ ಏಜೆಂಟಾಗಿ ಕುಳಿತವನು ನಾನು. 2023ರ ಮೇ 13ರಂದು ಎಣಿಕೆ ಕೇಂದ್ರದ ತಂತಿಜಾಲರಿಯ ಈಚೆ ಕುಳಿತದ್ದೂ ಅವರ ಏಜೆಂಟಾಗಿಯೇ.

ಶಾಸಕರೆಂದರೆ ವಿಧಾನಸೌಧದಲ್ಲಿ ಮಾತನಾಡುವವರು ಎಂದು ಪೇಟೆಯವರಿಗೆ ಅನ್ನಿಸಬಹುದು. ಹಳ್ಳಿಯಲ್ಲಿ ಅವರು ಮೊದಲಿಗೆ ಬಗರ್‌ಹುಕುಂ ಸಮಿತಿಯ ಅಧ್ಯಕ್ಷರು. ಸರ್ಕಾರಿ ಜಮೀನನ್ನು ಹತ್ತಾರು ವರ್ಷ ಉತ್ತು ಬಿತ್ತಿದವರು ನಮೂನೆ 50ರಲ್ಲಿ ಅರ್ಜಿ ಹಾಕಿದರು, ಆಗ ತಪ್ಪಿದವರು 53ರಲ್ಲಿ, ಆಗಲೂ ತಪ್ಪಿದವರು 57ರಲ್ಲಿ. ಆ ಜಮೀನನ್ನು ಅವರ ಹೆಸರಿಗೆ ಮಾಡುವ ಸಾಗುವಳಿ ಚೀಟಿ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿಗೆ ತಹಸೀಲ್ದಾರರು ಕಾರ್ಯದರ್ಶಿ, ಶಾಸಕರು ಅಧ್ಯಕ್ಷರು. ಬಡವರಿಗೆ ನಿವೇಶನ ಹಂಚುವ ಆಶ್ರಯ ಸಮಿತಿಯೂ ಅವರ ಕೈಯಲ್ಲೇ. ಒಂದು ಹಳ್ಳಿಯ ಅರ್ಧಕ್ಕರ್ಧ ಮನೆಗಳ ಬದುಕು ಒಬ್ಬರ ಸಹಿಗಾಗಿ ಕಾಯುತ್ತಿರುವಾಗ ಅವರ ವಿರುದ್ಧ ವೋಟು ಹಾಕುವುದು ಸಣ್ಣ ಮಾತಲ್ಲ.

ಆರಂಭದಲ್ಲಿ ಅವರು ಹೀಗಿರಲಿಲ್ಲ. ಹಳ್ಳದ ಸೇತುವೆ ಅವರ ಕಾಲದಲ್ಲೇ ಆಯಿತು. ನಮ್ಮ ಜಗಲಿಯ ಮೇಲೆ ಕುಳಿತು ಅಪ್ಪನೊಂದಿಗೆ ಮಾತನಾಡಿದ್ದನ್ನು ನಾನೇ ಕಂಡಿದ್ದೇನೆ. ಗೆಲುವಿನ ಮೇಲೆ ಗೆಲುವು ಬಂದಂತೆ ನಡುವೆ ಜನ ಸೇರಿಕೊಂಡರು. ಶಾಸಕರನ್ನು ಕಾಣಲು ಆಪ್ತ ಸಹಾಯಕರು ಒಪ್ಪಬೇಕು, ಅವರು ಒಪ್ಪಲು ಇನ್ನೊಬ್ಬರು ಹೇಳಬೇಕು. ಚುನಾವಣೆಗೆ ಕೆಲವು ತಿಂಗಳಿದ್ದಾಗ ನಮ್ಮೂರಿನ ಹಿರಿಯರು ಬಗರ್‌ಹುಕುಂ ಅರ್ಜಿಗಳ ವಿಷಯ ಕೇಳಲು ಹೋದರು. ಜೊತೆಗೆ ನಾನೂ ಇದ್ದೆ. ಶಾಸಕರು ಫೈಲಿನಿಂದ ತಲೆ ಎತ್ತದೆ, "ನೋಡೋಣ, ನಿಮ್ಮೂರಿನ ವೋಟು ಬೇರೆ ಎಲ್ಲಿಗೆ ಹೋಗುತ್ತದೆ?" ಎಂದರು. ಅಕ್ಕಪಕ್ಕದವರು ನಕ್ಕರು. ಹಿರಿಯರು ಕೈಮುಗಿದು ಹೊರಬಂದರು. ಬಸ್ಸಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲರ ಬಾಯಲ್ಲೂ ಅದೇ ಇತ್ತು.

ಅಲ್ಲಿಂದ ಊರಿನ ಗಾಳಿ ಬದಲಾಯಿತು. ಎದುರಾಳಿಯ ಪಕ್ಷವನ್ನು ನಮ್ಮೂರಿನವರು ಮೂರು ತಲೆಮಾರಿನಿಂದ ಬೈದುಕೊಂಡೇ ಬಂದವರು. ಆ ಪಕ್ಷದ ಬಾವುಟ ಕಟ್ಟಲು ನಮ್ಮ ಕೇರಿಯಲ್ಲಿ ಒಂದು ಕಂಬವೂ ಸಿಗುತ್ತಿರಲಿಲ್ಲ. ಈ ಸಲವೂ ಕಟ್ಟಲಿಲ್ಲ. ನಮ್ಮ ಪಕ್ಷದ ಬಾವುಟಗಳೇ ಹಾರಾಡುತ್ತಿದ್ದವು, ಪ್ರಚಾರಕ್ಕೆ ಹೋದವರಿಗೆ ಮಜ್ಜಿಗೆಯೂ ಸಿಗುತ್ತಿತ್ತು. ಆದರೆ ಪಕ್ಕದ ಮನೆಯ ದೊಡ್ಡಮ್ಮ ನನ್ನ ಕೈಯಿಂದ ಚೀಟಿ ತೆಗೆದುಕೊಂಡು, "ಪಕ್ಷದ ಮೇಲೆ ನನಗೆ ಸಿಟ್ಟಿಲ್ಲ ಮಗನೇ. ನಿನ್ನ ದೊಡ್ಡಪ್ಪ ಆ ಜಮೀನಿಗೆ ಕಾದು ಕಾದು ಸತ್ತರು. ನೀನು ಬೇಜಾರು ಮಾಡಿಕೊಳ್ಳಬೇಡ" ಎಂದರು. ಮುಂದಿನ ಮನೆಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಮೂರನೆಯ ಪಕ್ಷಕ್ಕೆ ನಿಷ್ಠರಾಗಿದ್ದ ನಾಲ್ಕಾರು ಮನೆಯವರೂ, ತಮ್ಮ ಅಭ್ಯರ್ಥಿ ಹೇಗೂ ಗೆಲ್ಲುವುದಿಲ್ಲ, ವೋಟು ಒಡೆಯುವುದು ಬೇಡ ಎಂದು ತಮ್ಮತಮ್ಮಲ್ಲೇ ಮಾತನಾಡಿಕೊಂಡಿದ್ದರು. ಅವರನ್ನು ಯಾವ ನಾಯಕರೂ ಕೂಡಿಸಿದ್ದಲ್ಲ.

ಎಣಿಕೆಯ ದಿನ ಮೊಬೈಲನ್ನು ಹೊರಗೇ ಬಿಟ್ಟು ಒಳಹೋಗಬೇಕು. ಕೈಯಲ್ಲಿ ಪೆನ್ನು, ಹಾಳೆ, ಬೂತಿನಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಅಷ್ಟೇ. ಎಂಟಕ್ಕೆ ಅಂಚೆ ಮತಗಳಿಂದ ಶುರುವಾಯಿತು, ಆಮೇಲೆ ಯಂತ್ರಗಳು ಬಂದವು. ಮೇಜಿನ ಮೇಲೆ ಕಂಟ್ರೋಲ್ ಯೂನಿಟ್ ಇಟ್ಟು, ಮೊಹರು ಮತ್ತು ಸಂಖ್ಯೆಯನ್ನು ಜಾಲರಿಯ ಹತ್ತಿರ ತಂದು ತೋರಿಸಿ, ಫಲಿತಾಂಶದ ಗುಂಡಿ ಒತ್ತುತ್ತಾರೆ. ಬೀಪ್ ಎಂದು ಸದ್ದಾಗಿ ಒಬ್ಬೊಬ್ಬ ಅಭ್ಯರ್ಥಿಯ ಸಂಖ್ಯೆ ಕೆಂಪಕ್ಷರದಲ್ಲಿ ಬಂದು ಹೋಗುತ್ತದೆ. ನಮ್ಮೂರಿನ ಬೂತು ನಾನು ಕುಳಿತಿದ್ದ ಮೇಜಿಗೇ ಬಂತು. ಶಾಸಕರ ಅಂಕಿ ಬಂದಾಗ ಬೇರೆ ಯಾರದೋ ಇರಬೇಕು ಎಂದುಕೊಂಡೆ. ಮುಂದಿನ ಅಂಕಿ ಅದರ ಎರಡರಷ್ಟಿತ್ತು. ಪಕ್ಕದಲ್ಲಿದ್ದ ಎದುರಾಳಿ ಏಜೆಂಟ್ ಕೂಡ ನಂಬದೆ ಮತ್ತೊಮ್ಮೆ ತೋರಿಸಲು ಕೇಳಿಕೊಂಡ. ಮತ್ತೊಮ್ಮೆಯೂ ಅದೇ ಬಂತು.

ಸಂಜೆ ಹೊರಬಂದು ಮೊಬೈಲ್ ನೋಡಿದರೆ, ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿರಸಿಯಲ್ಲಿ ಸೋತ ಸುದ್ದಿಯಿತ್ತು. 1994ರಿಂದ ಸತತ ಆರು ಸಲ ಗೆದ್ದವರು ಅವರು. ಅಪ್ಪನಿಗೆ ಹೇಳಿದರೆ, 1962ರಿಂದ ಹೊಳೆನರಸೀಪುರದಲ್ಲಿ ಸೋಲನ್ನೇ ಕಾಣದ ದೇವೇಗೌಡರು 1989ರಲ್ಲಿ ಸೋತದ್ದನ್ನು ನೆನಪಿಸಿದರು.

ಆದರೆ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಬೂತಿನ ಹಾಳೆ. ದೊಡ್ಡಮ್ಮ ಯಾವ ಗುಂಡಿ ಒತ್ತಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಊರು ಯಾವ ಕಡೆ ವಾಲಿತು ಎಂಬುದು ಅದೇ ಸಂಜೆ ಎಲ್ಲರಿಗೂ ತಿಳಿದಿತ್ತು. ಮುಂದೆ ಅದು ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ರಲ್ಲಿ ಬೂತುವಾರು ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಮತಪತ್ರದ ಕಾಲದಲ್ಲಿ ಬೆದರಿಕೆಯ ಭಯವಿದ್ದ ಕಡೆ ಹಲವು ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದು ಅದು ಹೋಯಿತು. ಹದಿನಾಲ್ಕು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬೇಕು ಎಂದು ಚುನಾವಣಾ ಆಯೋಗ 2008ರಲ್ಲೇ ಹೇಳಿತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಅದನ್ನೇ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಬೂತಿನಲ್ಲಿ ಹಿಂದೆ ಬಿದ್ದಿದ್ದೇವೆ ಎಂದು ತಿಳಿದರೆ ಅಲ್ಲಿ ಹೆಚ್ಚು ಕೆಲಸ ಮಾಡಬಹುದು ಎಂಬ ವಾದವನ್ನು ನಾನೂ ಪಕ್ಷದ ಸಭೆಗಳಲ್ಲಿ ಕೇಳಿದ್ದೇನೆ. ಸೋತ ರಾತ್ರಿಯೇ ನನಗೆ ಬಂದ ಕರೆಯಲ್ಲಿ ಕೆಲಸದ ಮಾತಿರಲಿಲ್ಲ. "ನಿಮ್ಮೂರಿನಲ್ಲಿ ಯಾರ್‍ಯಾರು ತಿರುಗಿದರು, ಪಟ್ಟಿ ಕೊಡು" ಎಂದು ಕೇಳಿದರು. ನಾನು ಕೊಡಲಿಲ್ಲ. ಆ ಪಕ್ಷದ ಏಜೆಂಟಾಗಿ ಮತ್ತೆ ಕೂರಲೂ ಇಲ್ಲ.

ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೂತು ಮತ್ತೆ ಹಳೆಯ ಪಕ್ಷಕ್ಕೇ ಹೆಚ್ಚು ವೋಟು ಕೊಟ್ಟಿತು. ಅಪ್ಪನಿಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿನಿಂದ 24 ಜನರನ್ನು ಕಳಿಸಿದ ಕರ್ನಾಟಕವೇ ಮರುವರ್ಷದ ಮಾರ್ಚಿನಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟಿತ್ತು. ನಮ್ಮೂರಿನವರು ಪಕ್ಷ ಬಿಟ್ಟಿರಲಿಲ್ಲ, ಶಾಸಕರನ್ನು ಬಿಟ್ಟಿದ್ದರು ಅಷ್ಟೇ.

ಈಗ ಬಗರ್‌ಹುಕುಂ ಸಮಿತಿಗೆ ಹೊಸ ಶಾಸಕರು ಅಧ್ಯಕ್ಷರು. ದೊಡ್ಡಮ್ಮನ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಭೆಗೆ ಅವರನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗುತ್ತೇನೆ. ಹಳೆಯ ಪಹಣಿ, ದಂಡ ಕಟ್ಟಿದ ರಸೀದಿ, ಅರ್ಜಿಯ ಹಿಂಬರಹ ಎಲ್ಲವನ್ನೂ ಜೋಡಿಸಿಟ್ಟಿದ್ದೇವೆ.