ಭಾವನ ಪೆಟ್ಟಿಗೆ ನಾಳೆ ವಾಪಸ್

ಭಾನುವಾರ, 9 ನವೆಂಬರ್ 2025. ರಾತ್ರಿ 11.15

ನಾಳೆ ಬೆಳಿಗ್ಗೆ ಭಾವ ಬರುತ್ತಾರೆ, ತಮ್ಮ ಸ್ಪೀಕರ್ ಪೆಟ್ಟಿಗೆ ತಗೊಂಡು ಹೋಗುತ್ತಾರೆ. ಅಪ್ಪನ ಹಳೇ ಸ್ಪೀಕರುಗಳನ್ನು ತೆಗೆದು ಇಂಥದ್ದೊಂದು ಕೊಳ್ಳಬೇಕೋ ಬೇಡವೋ ಅಂತ ಅಷ್ಟರಲ್ಲಿ ನಾನು ಒಂದು ತೀರ್ಮಾನಕ್ಕೆ ಬರಬೇಕಿತ್ತು. ಬಂದಿಲ್ಲ.

ಎಂಟು ದಿನದಿಂದ ಅದು ಪುಸ್ತಕದ ಶೆಲ್ಫಿನ ಮೇಲೆ ಕೂತಿದೆ. ಅಕ್ಕ, ಭಾವ ಊರಿಗೆ ಹೊರಟಾಗ "ಇಟ್ಕೊಂಡು ಕೇಳು, ಆಮೇಲೆ ಮಾತಾಡು" ಅಂತ ಕೊಟ್ಟು ಹೋದರು. ಅವರ ಮನೆಯಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡಿದ್ದೆ, ಅದಕ್ಕೆ. ಇಷ್ಟು ಸಣ್ಣ ಡಬ್ಬಕ್ಕೆ ಅಷ್ಟು ದುಡ್ಡಾ ಅಂದುಬಿಟ್ಟಿದ್ದೆ. (ಎಷ್ಟು ದುಡ್ಡು ಅಂತ ಇಲ್ಲಿ ಬರೆಯಲ್ಲ. ಅಪ್ಪ ಈ ಬ್ಲಾಗ್ ಓದುತ್ತಾರೆ.)

ನೋಡೋಕೆ ಚೆಂದ ಇದೆ, ಸುಳ್ಳು ಹೇಳಬಾರದು. ಎರಡು ಗೇಣು ಅಗಲ, ಒಂದು ಗೇಣು ಎತ್ತರ. ಮುಂದೆ ಬಟ್ಟೆಯ ಜಾಲರಿ. ವಾಲ್ಯೂಮಿನ ತಿರುಪು ಇದೆಯಲ್ಲ, ಅದನ್ನು ತಿರುಗಿಸುವಾಗ ಬೆರಳಿಗೆ ಒಂದು ತೂಕ ಸಿಗುತ್ತದೆ. ಲೊಡಲೊಡ ಇಲ್ಲ, ಗಟ್ಟಿಯೂ ಇಲ್ಲ. ಹಾಡು ಶುರುವಾಗುವ ಮೊದಲೇ ಆ ತಿರುಪು ಅರ್ಧ ವ್ಯಾಪಾರ ಮುಗಿಸಿಬಿಟ್ಟಿರುತ್ತದೆ.

ಎದುರಿನ ಗೋಡೆಗೆ ಅಪ್ಪನ ಹಳೇ ಜೋಡಿ. ಮೊಣಕಾಲೆತ್ತರದ ಎರಡು ಸ್ಪೀಕರು, ಒಂದೊಂದರಲ್ಲೂ ತಗ್ಗು ಸ್ವರಗಳಿಗೆ ಅಂತ 8 ಇಂಚಿನ ವೂಫರ್. ನಡುವೆ ಆಂಪ್ಲಿಫೈಯರ್, ಹಿಂದೆ ವೈರುಗಳ ಗೋಜಲು. ವೂಫರಿನ ಸುತ್ತಲಿನ ಸ್ಪಂಜಿನ ಅಂಚು ಒಂದು ಸಲ ಪುಡಿಪುಡಿಯಾಗಿ ಉದುರಿಹೋಗಿತ್ತು. ಬೇರೆ ಅಂಚು ತರಿಸಿ ಅಪ್ಪ ತಾವೇ ಕೂತು ಅಂಟಿಸಿದ್ದರು. ಇವರ (ನನ್ನ ಗಂಡನ) ಕಾಲಿನ ಕಿರುಬೆರಳು ಆ ಸ್ಪೀಕರಿನ ಮೂಲೆಗೆ ಎಷ್ಟು ಸಲ ಬಡಿದಿದೆಯೋ ನನಗೆ ಲೆಕ್ಕ ಇಲ್ಲ. ಲೆಕ್ಕ ಇವರ ಹತ್ತಿರ ಇದೆ.

"ಅದನ್ನ ತೆಗೆದರೆ ಇಡೀ ಗೋಡೆ ಸಿಗುತ್ತೆ ನೋಡು," ಅಂದರು ಮೊನ್ನೆ.

"ರೀ, ನಾನು ಸೌಂಡ್ ಬಗ್ಗೆ ಕೇಳ್ತಿದೀನಿ."

"ನಾನು ಗೋಡೆ ಬಗ್ಗೆ ಹೇಳ್ತಿದೀನಿ."

ಆಗ ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ಇವರು ಹೇಳಿದ್ದೇ ಸರಿ ಅನ್ನಿಸಿತು. ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಹೋಗುವುದೇ ಗೋಡೆಗೆ. ಅದೇ ದುಡ್ಡಿಗೆ ಬಿಡಿಯಾಗಿ ಎರಡು ಸ್ಪೀಕರು, ಒಂದು ಸಾಧಾರಣ ಆಂಪ್ಲಿಫೈಯರ್ ತಂದರೆ ಇದಕ್ಕಿಂತ ಚೆನ್ನಾಗಿ ಹಾಡುತ್ತವೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಭಾವ ಕೊಟ್ಟಿರುವ ದುಡ್ಡು ಆ ಸೌಂಡನ್ನು ಎರಡು ಗೇಣಿನೊಳಗೆ ತುರುಕಿದ್ದಕ್ಕೆ. ತುರುಕುವುದು ಸುಲಭ ಅಲ್ಲ, ಅದೂ ನಿಜ.

ಮಂಗಳವಾರ ರಾತ್ರಿ ಜಾಲರಿ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. (ಭಾವನಿಗೆ ಹೇಳಬೇಡಿ.) ಒಳಗೆ ಅದುರಿ ಸದ್ದು ಹೊರಡಿಸುವ 3 ಇಂಚಿನ ಎರಡು ಕೋನು. ತಬಲಾದ ಡಗ್ಗಾ ಗುಂಯ್ ಅಂದಾಗಲೆಲ್ಲ ಪಾಪ ಅವು ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಇಳಿಯುತ್ತಿದ್ದವು. ಹಳೇ ವೂಫರ್ ಅದೇ ಏಟಿಗೆ ಅಲ್ಲಾಡಿದ್ದೇ ಕಾಣಲಿಲ್ಲ. ಸೆಕೆಂಡಿಗೆ 50 ಸಲ ಅದುರುವ ಸ್ವರ ತಗೊಳ್ಳಿ. ಅದರ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ನಮ್ಮ ಹಾಲೇ ಅಷ್ಟುದ್ದ ಇಲ್ಲ. ಅಂಥದ್ದು ಕೇಳಿಸಬೇಕಾದರೆ ತುಂಬಾ ಗಾಳಿ ತಳ್ಳಬೇಕು. 8 ಇಂಚಿನ ಕೋನ್ ಒಂದು ಮಿಲಿಮೀಟರ್ ಅಲ್ಲಾಡಿ ತಳ್ಳುವಷ್ಟು ಗಾಳಿಯನ್ನು 3 ಇಂಚಿನದು ತಳ್ಳಬೇಕಾದರೆ ಏಳು ಮಿಲಿಮೀಟರ್ ಓಡಬೇಕು.

ಹಾಗಾಗಿ ಒಳಗೆ ಒಂದು ಚಿಪ್ ಕಾವಲಿಗೆ ಕೂತಿರುತ್ತದೆ. ಸಣ್ಣ ವಾಲ್ಯೂಮಿನಲ್ಲಿ ತಗ್ಗು ಸ್ವರಗಳನ್ನು ಎತ್ತಿ ಎತ್ತಿ ಕೊಡುತ್ತದೆ. ನೀವು ತಿರುಪನ್ನು ಮುಂದೆ ತಿರುಗಿಸುತ್ತಾ ಹೋದರೆ, ಕೋನ್ ಹಾಳಾಗದಿರಲಿ ಅಂತ ಅದೇ ಸ್ವರಗಳನ್ನು ಮೆಲ್ಲಗೆ ಅದುಮುತ್ತದೆ. ಇದು ನನಗೆ ಗೊತ್ತಾಗಿದ್ದು ಬುಧವಾರ, ಮನೆಯಲ್ಲಿ ಯಾರೂ ಇಲ್ಲದಾಗ. ಮುಕ್ಕಾಲು ತಿರುಗಿಸಿದ ಮೇಲೆ ಹಾಡು ಜೋರಾಯಿತು, ಹೊಟ್ಟೆ ಮಾತ್ರ ಖಾಲಿಯಾಯಿತು. ಅರ್ಧಕ್ಕೆ ಇಳಿಸಿದೆ, ಹೊಟ್ಟೆ ವಾಪಸ್ ಬಂತು. ಮತ್ತೆ ಏರಿಸಿದೆ, ಹೋಯಿತು. ಅರ್ಧ ಗಂಟೆ ಇದೇ ಆಟ.

ದೊಡ್ಡ ಹೆಸರಿನದ್ದು ಕೊಂಡು ಮೂತಿ ಸಣ್ಣ ಮಾಡಿಕೊಂಡವರಲ್ಲಿ ನಾನೇ ಮೊದಲಲ್ಲ. ಅಮರ್ ಬೋಸ್ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದಾಗ, 1956ರಲ್ಲಿ, ಒಳ್ಳೆಯದೇ ಅಂತ ನೋಡಿ ಒಂದು ಸ್ಟೀರಿಯೊ ಕೊಂಡರು. ಕಾಗದದ ಮೇಲೆ ಅಂಕಿಗಳೆಲ್ಲ ಸರಿ ಇದ್ದವು, ಮನೆಗೆ ತಂದು ಕೇಳಿದರೆ ಸಪ್ಪೆ. ಆ ಬೇಜಾರೇ ಬೆಳೆದು 1964ರಲ್ಲಿ ಬೋಸ್ ಅನ್ನುವ ಸ್ಪೀಕರ್ ಕಂಪನಿ ಆಯಿತು. 1984ರಲ್ಲಿ ಅವರ ಕಂಪನಿ ಒಂದು ಉದ್ದನೆಯ ಕೊಳವೆಯನ್ನು ಮಡಿಸಿ ಮಡಿಸಿ ಸಣ್ಣ ಪೆಟ್ಟಿಗೆಯೊಳಗೆ ಸೇರಿಸಿತು. ತಗ್ಗು ಸ್ವರ ಆ ಕೊಳವೆಯಲ್ಲಿ ಹಾದು ತುಂಬಿಕೊಂಡು ಹೊರಗೆ ಬರುತ್ತದೆ. ಪುಟ್ಟ ಕೋನಿಗೆ ಅಷ್ಟು ಶ್ರಮ ಉಳಿಯಿತು. 1993ರಲ್ಲಿ ಇದೇ ಉಪಾಯದ ರೇಡಿಯೊ ಬಂತು. ಭಾವನ ಪೆಟ್ಟಿಗೆ ಬೇರೆ ಕಂಪನಿಯದ್ದು, ಅದರಲ್ಲಿ ಕೊಳವೆ ಇಲ್ಲ, ಚಿಪ್ ಇದೆ. ಆದರೆ ವಂಶ ಅದೇ. ನನಗೆ ಈ ಕಥೆಯಲ್ಲಿ ಇಷ್ಟ ಆಗುವುದು ಕೊಳವೆಗಿಂತ ಆ ವಿದ್ಯಾರ್ಥಿಯ ಬೇಜಾರು.

ಇನ್ನೊಂದು ತಕರಾರು. ಇದನ್ನು ಸ್ಟೀರಿಯೊ ಅಂತ ಯಾಕೆ ಕರೆಯಬೇಕು? 1931ರಲ್ಲಿ ಅಲನ್ ಬ್ಲಮ್ಲೈನ್ ಅನ್ನುವ ಇಂಗ್ಲೆಂಡಿನ ಎಂಜಿನಿಯರ್ ಪೇಟೆಂಟಿಗೆ ಅರ್ಜಿ ಹಾಕಿದ್ದು ಎರಡು ಸ್ಪೀಕರುಗಳ ನಡುವೆ ಹಾಡುವವರನ್ನು ಅವರವರ ಜಾಗದಲ್ಲಿ ಕೂರಿಸುವುದಕ್ಕೆ. ಅದಕ್ಕೆ ಅಂತರ ಬೇಕು. ಎರಡು ಸ್ಪೀಕರು, ಒಬ್ಬ ಕೇಳುಗ, ಮೂರೂ ಸೇರಿ ಸಮ ತ್ರಿಕೋನ. ಭಾವನ ಪೆಟ್ಟಿಗೆಯಲ್ಲಿ ಎಡಕ್ಕೂ ಬಲಕ್ಕೂ ಒಂದು ಗೇಣು. ತ್ರಿಕೋನ ಬೇಕಾದರೆ ಪೆಟ್ಟಿಗೆಯ ಮುಂದೆ ಗೇಣು ದೂರದಲ್ಲಿ ಮುಖ ಇಟ್ಟು ಕೂರಬೇಕು. ಕೂತು ನೋಡಿದೆ. ಮಗ ಫೋಟೊ ತೆಗೆದ. ಆ ಫೋಟೊ ಇಲ್ಲಿ ಹಾಕುವುದಿಲ್ಲ.

ಪರೀಕ್ಷೆ ಮಾಡೋಣ ಅಂದವನೂ ಅವನೇ. ನಿನ್ನೆ ಮಧ್ಯಾಹ್ನ ಹಾಲಿಗೆ ಅಡ್ಡ ಹಗ್ಗ ಕಟ್ಟಿ, ಹಾಸಿಗೆ ಹೊದಿಕೆ ಇಳಿಬಿಟ್ಟೆವು. ಪೆಟ್ಟಿಗೆಯನ್ನು ಹಳೇ ಸ್ಪೀಕರುಗಳ ನಡುವೆ ಇಟ್ಟ. ನಾನು ಈಚೆ, ಅವನು ಆಚೆ. ಒಂದೇ ಹಾಡು, ಸಲ ಸಲಕ್ಕೂ ಅದಲು ಬದಲು. ಮೊದಲ ಸುತ್ತಿನಲ್ಲಿ ನಾನು ಕೊಟ್ಟ ಮಾರ್ಕೆಲ್ಲ ಹೊಸದಕ್ಕೇ ಹೋಯಿತು. ಮನಸ್ಸು ಆಗಲೇ ದುಡ್ಡು ಹೊಂದಿಸಲು ಶುರು ಮಾಡಿತ್ತು. ಆಮೇಲೆ ಫೋನಿನ ಮೀಟರ್ ಇಟ್ಟು ಅಳೆದರೆ ಹೊಸದು 3 ಡೆಸಿಬೆಲ್ ಜೋರಾಗಿ ಹಾಡುತ್ತಿತ್ತು! ಜೋರಾಗಿದ್ದದ್ದು ಕಿವಿಗೆ ಒಳ್ಳೆಯದಾಗಿ ಕೇಳುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಮತ್ತೆ ಕೂತೆ. ಬರೀ ದನಿ ಇರುವ ಹಾಡುಗಳಲ್ಲಿ ಎರಡೂ ಸರಿಸಮ. ನಾಲ್ಕಾರು ವಾದ್ಯ ಸೇರಿದ ತಕ್ಷಣ ಹಳೇ ಜೋಡಿ ಹರಡಿಕೊಂಡು ನಿಂತಿತು, ಹೊಸದರಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತ ಹಾಗಿತ್ತು.

1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಅನ್ನುವ ಸಂಶೋಧಕರು ಇದೇ ಕೆಲಸವನ್ನು ಶಿಸ್ತಾಗಿ ಮಾಡಿದ್ದರು. ಸ್ಪೀಕರು ಕಣ್ಣಿಗೆ ಬಿದ್ದಾಗ ಜನ ಕೊಟ್ಟ ಮಾರ್ಕು ಒಂದು, ಪರದೆಯ ಹಿಂದೆ ಇದ್ದಾಗ ಕೊಟ್ಟದ್ದು ಇನ್ನೊಂದು. ಕೇಳಿ ಕೇಳಿ ಪಳಗಿದವರೂ ಹಾಗೇ ಸಿಕ್ಕಿಬಿದ್ದರು. ನನ್ನ ಮರ್ಯಾದೆ ಅಷ್ಟರಮಟ್ಟಿಗೆ ಉಳಿಯಿತು.

ಹೊಸದಕ್ಕೆ ಎತ್ತರದ ಸ್ವರ 20,000 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಸಲ ಅದುರುವುದು) ತನಕ ಹೋಗುತ್ತದೆ ಅಂತ ಪುಸ್ತಕದಲ್ಲಿ ಇದೆ. ಮಗ ಫೋನಿನಲ್ಲಿ 15,000ದ್ದು ಹಾಕಿ ಕಿವಿ ಮುಚ್ಚಿಕೊಂಡ. ನನಗೆ ಏನೂ ಕೇಳಿಸಲಿಲ್ಲ. "ಆನ್ ಮಾಡಿದ್ಯೇನೋ?" ಅಂದೆ. ಅವನು ನನ್ನನ್ನು ನೋಡಿದ ನೋಟ ಇದೆಯಲ್ಲ. ವಯಸ್ಸು ನಲವತ್ತೇಳು, ಅಷ್ಟೇನೂ ಅಲ್ಲ ಕಣೋ.

ಗುರುವಾರ ರಾತ್ರಿ ಮಾತ್ರ ಪೆಟ್ಟಿಗೆ ನನ್ನನ್ನು ಗೆದ್ದುಬಿಟ್ಟಿತ್ತು. ಆಫೀಸಿನಲ್ಲಿ ಕೆಟ್ಟ ದಿನ. ಎಲ್ಲರೂ ಮಲಗಿದ್ದರು. ಪಿಸುಮಾತಿನಷ್ಟು ಸಣ್ಣಗೆ ಇಟ್ಟು ಕೂತೆ. ಅಷ್ಟು ಸಣ್ಣ ಸದ್ದಿನಲ್ಲೂ ತಂಬೂರಿ ತುಂಬಿಕೊಂಡು ಕೇಳಿಸಿತು. ನಮ್ಮ ಕಿವಿ ಸಣ್ಣ ಸದ್ದಿನಲ್ಲಿ ತಗ್ಗು ಸ್ವರಗಳನ್ನು ಬೇಗ ಕಳೆದುಕೊಳ್ಳುತ್ತದೆ. ಫ್ಲೆಚರ್, ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದರು. ಹೊಸ ಪೆಟ್ಟಿಗೆಯ ಚಿಪ್ಪಿಗೆ ಇದು ಗೊತ್ತು, ಕಳೆದದ್ದನ್ನು ತುಂಬಿಕೊಡುತ್ತದೆ. ಆವತ್ತು ಅನ್ನಿಸಿತು, ನಾನು ಹಾಡು ಕೇಳುವುದೇ ಈ ಹೊತ್ತಿನಲ್ಲಿ, ಇಷ್ಟು ಸಣ್ಣಗೆ. ದೊಡ್ಡ ಸ್ಪೀಕರುಗಳನ್ನು ಜೋರಾಗಿ ಇಟ್ಟು ಕೇಳುವ ಆ ಇನ್ನೊಬ್ಬಳು ಈ ಮನೆಯಲ್ಲಿ ಇಲ್ಲವೇ ಇಲ್ಲ. ಇಲ್ಲದವಳಿಗೋಸ್ಕರ ಗೋಡೆ ಯಾಕೆ ಕಾಯ್ದಿರಿಸಬೇಕು?

ಶುಕ್ರವಾರ ಇದನ್ನೇ ಅಪ್ಪನಿಗೆ ಹೇಳಿದೆ. ಜೋರಾಗಿಯೇ ಹೇಳಬೇಕು, ಕಿವಿಗೆ ಮೆಷಿನ್ ಇದ್ದರೂ.

"ಲೌಡ್‌ನೆಸ್ ಬಟನ್ ಒತ್ತು," ಅಂದರು.

"ಯಾವುದು?"

"ಆಂಪ್ಲಿಫೈಯರಲ್ಲಿ ಇದೆಯಲ್ಲಮ್ಮ. ಬಲಗಡೆ ಕೊನೇದು."

ನಾವು ಚಿಕ್ಕವರಿದ್ದಾಗ ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ಬಟನ್! ಒತ್ತಿದೆ. ಟಪ್ ಅಂತು. ಸಣ್ಣ ವಾಲ್ಯೂಮಿನಲ್ಲೇ ತಂಬೂರಿ ಎದ್ದು ಕೂತಿತು. ಎಂಟು ದಿನ ಬೆರಗಾಗಿ ಕೇಳಿದ ಚಿಪ್ಪಿನ ಕೆಲಸವನ್ನೇ ಈ ಬಟನ್ ಒರಟೊರಟಾಗಿ ಇಷ್ಟು ವರ್ಷದಿಂದ ಮಾಡಲು ಕಾಯುತ್ತಿತ್ತು. ಒತ್ತುವವರು ಇರಲಿಲ್ಲ. "ಮತ್ತೆ ನಮಗೆ ಯಾಕೆ ಮುಟ್ಟೋಕೆ ಬಿಡ್ತಿರಲಿಲ್ಲ?" ಅಂದರೆ, "ನೀವು ಜೋರಾಗಿ ಇಟ್ಟಾಗಲೇ ಒತ್ತಿಬಿಡ್ತಿದ್ರಿ, ವೂಫರ್ ಹರಿದು ಹೋಗಲಿ ಅಂತಾನಾ" ಅಂದರು.

ಇವತ್ತು ಬೆಳಿಗ್ಗೆ ಭಾವನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಬಟನ್ ಕಥೆ, ತ್ರಿಕೋನ, ಪರದೆ. ಟಾರ್ಚ್ ಬಿಟ್ಟು. ಇನ್ನೂ ಒಂದು ಕೇಳಿದೆ: "ಭಾವ, ಇದು ನಡೆಯೋದು ಫೋನಿನ ಆ್ಯಪಿನಿಂದ. ಕಂಪನಿಯವರು ನಾಳೆ ಅಪ್‌ಡೇಟ್ ನಿಲ್ಲಿಸಿದ್ರೆ? ಅಪ್ಪನ ಸೆಟ್ಟಾದ್ರೆ ಬೆಸುಗೆ ಹಾಕಿ ರಿಪೇರಿ ಮಾಡಬಹುದು."

"ಅಷ್ಟೆಲ್ಲ ಯೋಚನೆ ಮಾಡಿದ್ದಿದ್ರೆ ನಾನು ನಿಮ್ಮಕ್ಕನ್ನ ಮದುವೆನೂ ಆಗ್ತಿರಲಿಲ್ಲ," ಅಂದರು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, ಏನಂದಳೋ. ಆಮೇಲೆ ಭಾವ ಸ್ವಲ್ಪ ಮೆತ್ತಗಾಗಿ ಹೇಳಿದರು. "ನೋಡು, ನನ್ನ ಹತ್ರನೂ ದೊಡ್ಡ ಸೆಟ್ ಇತ್ತು. ವೈರು, ರಿಮೋಟು, ಯಾವ ಬಟನ್ ಯಾವುದಕ್ಕೆ ಅಂತ. ಎರಡು ವರ್ಷ ಆನೇ ಮಾಡಿರಲಿಲ್ಲ. ಇದು ಬಂದ ಮೇಲೆ ದಿನಾ ಕೇಳ್ತೀನಿ. ನೀನು ಈ ವಾರ ಎಷ್ಟು ಹೊತ್ತು ಕೇಳಿದೆ ಹೇಳು?"

ಹೇಳಲಿಲ್ಲ. ಹಿಂದಿನ ಆರು ತಿಂಗಳಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಕೇಳಿದ್ದೇನೆ. ಅದು ಪೆಟ್ಟಿಗೆಯಿಂದಲೋ, ಜಗಳಕ್ಕೆ ಒಂದು ವಿಷಯ ಸಿಕ್ಕಿದ್ದರಿಂದಲೋ?

ಮತ್ತೆ ಇವತ್ತು ಸಂಜೆ.

ಹಾಡು ಕೇಳುವಾಗ ಅಪ್ಪ ಕಿವಿಯ ಮೆಷಿನ್ ತೆಗೆದಿಡುತ್ತಾರೆ. ಅದು ಮಾತಿಗೆ ಅಂತ ಹೊಂದಿಸಿದ್ದು, ಹಾಡನ್ನು ಚಿತ್ರಾನ್ನ ಮಾಡುತ್ತದೆ ಅನ್ನುತ್ತಾರೆ. ಮೆಷಿನ್ ತೆಗೆದು, ಕುರ್ಚಿಯನ್ನು ಎಡಗಡೆಯ ಸ್ಪೀಕರಿಗೆ ಒತ್ತಿ ಹಾಕಿಕೊಂಡು, ಅಂಗೈಯನ್ನು ಅದರ ತಲೆಯ ಮೇಲೆ ಇಡುತ್ತಾರೆ. ಯಾವಾಗಲೂ ಹಾಗೇ. ಅಲ್ಲಿ ಪಾಲಿಶ್ ಹೋಗಿ ಮಾಸಿದ ಒಂದು ಮಚ್ಚೆ ಇದೆ. ನಾನು ಇಷ್ಟು ದಿನ ಅದನ್ನು ನೀರು ಬಿದ್ದ ಕಲೆ ಅಂದುಕೊಂಡಿದ್ದೆ.

ಇವತ್ತು ಕುರ್ಚಿಯನ್ನು ಶೆಲ್ಫಿನ ಹತ್ತಿರ ಎಳೆದುಕೊಂಡರು. ಅಳಿಯಂದಿರ ಪೆಟ್ಟಿಗೆಯ ಮೇಲೆ ಕೈ ಇಟ್ಟರು. ಹಾಡು ನಡೀತಾ ಇತ್ತು. ಸ್ವಲ್ಪ ಹೊತ್ತು ಇಟ್ಟು, ತೆಗೆದು, ಮತ್ತೆ ಇಟ್ಟರು.

"ಆಫ್ ಆಗಿದೆ ಕಣಮ್ಮ."

ಆಫ್ ಆಗಿರಲಿಲ್ಲ. ಒಳ್ಳೆಯ ಪೆಟ್ಟಿಗೆ ಅದುರಬಾರದು. ಅದುರಿದರೆ ಹಾಡಿಗೆ ತನ್ನ ಸದ್ದನ್ನೂ ಸೇರಿಸುತ್ತದೆ. ಅದಕ್ಕೇ ದಪ್ಪ ಗೋಡೆ, ಒಳಗೆ ಆಧಾರಪಟ್ಟಿ, ಅಡಿಯಲ್ಲಿ ರಬ್ಬರ್. ದುಡ್ಡಿನ ಒಂದು ಪಾಲು ಇದಕ್ಕೂ ಹೋಗಿರುತ್ತದೆ. ಇದನ್ನೆಲ್ಲ ಅಪ್ಪನಿಗೆ ಹೇಳಲು ಬಾಯಿ ತೆಗೆದೆ. ಮೆಷಿನ್ ಮೇಜಿನ ಮೇಲಿತ್ತು. ಸುಮ್ನೆ ಹೋಗಿ ಹಳೇದನ್ನು ಆನ್ ಮಾಡಿದೆ. ಬಟನ್ ಕೂಡ ಒತ್ತಿದೆ.

ಈಗ ಎಲ್ಲರೂ ಮಲಗಿದ್ದಾರೆ. ಹೊಸದರಲ್ಲೇ ಸಣ್ಣಗೆ ಹಾಡುತ್ತಿದೆ. ಚೆನ್ನಾಗಿದೆ, ಅದೇ ಕಷ್ಟ. ಇಂಥದ್ದೊಂದು ಶೆಲ್ಫಿಗೆ, ಹಳೇದರಲ್ಲಿ ಎಡಗಡೆಯದ್ದು ಮಾತ್ರ ಅಪ್ಪನ ಮಂಚದ ಪಕ್ಕಕ್ಕೆ ಅಂತ ಮಾಡಿದರೆ ಇವರ ಗೋಡೆಯೂ ಸಿಗುತ್ತದೆ. ಆದರೆ ಆಂಪ್ಲಿಫೈಯರ್ ಆಗ ಎಲ್ಲಿ ಇಡೋದು, ಅಲ್ಲಿಯವರೆಗೆ ವೈರು...