ಅಂಬಿಳಿ ಅಮ್ಮಾವನ್‌ನಲ್ಲಿ ಸಿಕ್ಕ ಚಂದಮಾಮ

ಹಳೆಯ ಚಂದಮಾಮಗಳನ್ನು ಮುಖಪುಟಕ್ಕಾಗಿಯೇ ಕೂಡಿಡುವ ನನಗೆ, ನೀರ್ಚಾಲಿನ ಅತ್ತೆಯ ಮನೆಯ ಅಟ್ಟದಲ್ಲಿ ಎಪ್ಪತ್ತರ ದಶಕದ ನಾಲ್ಕು ವರ್ಷಗಳ ಸಂಚಿಕೆಗಳಿವೆಯೆಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹೋಗಿ ನೋಡಿದರೆ, ಅಡಿಕೆ ಗೋಣಿಗಳ ಹಿಂದೆ ನಾಲ್ಕು ದಪ್ಪ ಸಂಪುಟಗಳು ಒರಲೆ ಹಿಡಿಯದೆ ಉಳಿದಿದ್ದವು. ಆದರೆ ಒಂದರಲ್ಲಿಯೂ ಮುಖಪುಟವಿರಲಿಲ್ಲ.

“ಕತೆ ಓದಲಿಕ್ಕೆ ಅದು ಯಾಕೆ ಅಂತ ಬೈಂಡು ಮಾಡುವವ ಹರಿದು ತೆಗೆದದ್ದು, ಮಗಾ” ಎಂದರು ಅತ್ತೆ. “ಒಂದು ಮಾತ್ರ ನನಗೆ ಈಗಲೂ ನೆನಪುಂಟು. ಕೊಳದ ಬದಿಯಲ್ಲಿ ಕೆಂಪು ಸೀರೆ ಉಟ್ಟ ಹೆಣ್ಣು, ಅವಳೆದುರು ಹಂಸ.”

ಬೈಂಡು ಮಾಡಿದ ಹಳೆಯ ಸಂಪುಟಗಳಲ್ಲಿ ಈ ನಷ್ಟವನ್ನು ನಾನು ಹಲವು ಬಾರಿ ಕಂಡಿದ್ದೇನೆ, ಪ್ರತಿ ಬಾರಿಯೂ ಸಂಕಟಪಟ್ಟಿದ್ದೇನೆ. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮದ ಮುಖಪುಟಕ್ಕೆ ಐವತ್ತರ ದಶಕದಲ್ಲಿ ಚಿತ್ರಕಾರ ಎಂ.ಟಿ.ವಿ. ಆಚಾರ್ಯರು ಮಹಾಭಾರತದ ದೃಶ್ಯಗಳನ್ನು ಬರೆದರು. ಅನಂತರ ಬಹುಕಾಲ ವಡ್ಡಾದಿ ಪಾಪಯ್ಯನವರ ವರ್ಣಚಿತ್ರಗಳು ಬಂದವು. ಗೋಡೆಯಲ್ಲಿ ಕ್ಯಾಲೆಂಡರಿನ ದೇವರ ಹೊರತು ಬೇರೆ ಚಿತ್ರವಿಲ್ಲದ ನಮ್ಮಂಥ ತೋಟದ ಮನೆಗಳಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಚಿತ್ರಕಲೆಯೆಂದರೆ ಅದೇ ಆಗಿತ್ತು.

ವರ್ಷ ಕಳೆದ ಮೇಲೆ ಒಂದು ದಿನ ಕಾಸರಗೋಡಿನ ಗುಜರಿ ಅಂಗಡಿಯಲ್ಲಿ ಮಲಯಾಳ ಪತ್ರಿಕೆಗಳ ಕಟ್ಟೊಂದನ್ನು ಬಿಚ್ಚುತ್ತಿದ್ದಾಗ ಕೈ ತಟ್ಟನೆ ನಿಂತಿತು. ಕೊಳ, ಕೆಂಪು ಸೀರೆ, ಹಂಸ. ಮೇಲೆ ‘ಅಂಬಿಳಿ ಅಮ್ಮಾವನ್’ ಎಂದಿತ್ತು. ಅದು ಚಂದಮಾಮದ ಮಲಯಾಳ ಆವೃತ್ತಿ. ಭಾಷೆ ಬೇರೆಯಾದರೂ ಮದರಾಸಿನಿಂದ ಹೊರಡುತ್ತಿದ್ದ ಆವೃತ್ತಿಗಳಿಗೆ ಚಿತ್ರಗಳು ಸಾಮಾನ್ಯವಾಗಿ ಒಂದೇ ಆಗಿರುತ್ತಿದ್ದವು. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ಕನ್ನಡದ ಕಟ್ಟುಗಳನ್ನಷ್ಟೇ ಬಿಚ್ಚಿ, ಪಕ್ಕದಲ್ಲಿದ್ದ ಮಲಯಾಳದ ಕಟ್ಟುಗಳನ್ನು ಇಷ್ಟು ವರ್ಷ ಮುಟ್ಟದೆ ಬಂದಿದ್ದೆನಲ್ಲಾ ಎಂಬ ವ್ಯಥೆ ಅಂದು ನಿಜವಾಗಿಯೂ ಕಾಡಿತು.

ಅಂದು ಸಂಜೆಯೇ ನೀರ್ಚಾಲಿಗೆ ಹೋದೆ. ಚಾವಡಿಯಲ್ಲಿ ಸಂಪುಟಗಳನ್ನು ಹರಡಿ ಒಳಗಿನ ಚಿತ್ರಗಳನ್ನು ಒಂದೊಂದಾಗಿ ಹೋಲಿಸುತ್ತಾ ಹೋದಂತೆ, ಮೂರನೆಯ ಸಂಪುಟದ ನಡುವಿನಲ್ಲಿ ತಿಂಗಳು ಕೂಡಿಬಂತು: ಶಂಕರ್ ಬರೆದ ಅದೇ ಬೇತಾಳ ಕಥೆಯ ಚಿತ್ರಗಳು, ಅದೇ ಕ್ರಮ, ಅಕ್ಷರ ಮಾತ್ರ ಬೇರೆ. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಪಿನ್ನುಗಳನ್ನು ಮೆಲ್ಲನೆ ಬಿಡಿಸಿ ಮುಖಪುಟವನ್ನು ಬೇರ್ಪಡಿಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ದೀಪದ ಹತ್ತಿರ ಹಿಡಿದು, ಮೇಲಿನ ಮಲಯಾಳ ಅಕ್ಷರಗಳ ಕಡೆ ನೋಡದೆ, ಹಂಸದ ಕೊರಳಿನ ಮೇಲೆ ಬೆರಳಾಡಿಸಿದರು.

“ಇದುವೇ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇವತ್ತೊಂದು ರಾತ್ರಿ ಇಲ್ಲಿಯೇ ಇರಲಿ, ನಾಳೆ ತೆಗೆದುಕೊಂಡು ಹೋಗು” ಎಂದು ತಮ್ಮ ಕೋಣೆಗೆ ಒಯ್ದರು.