ನೀರಡಿಕೆ

2025ರ ಏಪ್ರಿಲ್ 18, ಶುಭ ಶುಕ್ರವಾರ. ಧಾರವಾಡದಲ್ಲಿ ಬಿಸಿಲು ಸುಡುತ್ತಿತ್ತು. ನಮ್ಮ ಸಭೆಯಲ್ಲಿ ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ಇರುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನ ಹಂಚಿಕೊಂಡು ಮಾತಾಡುತ್ತಾರೆ. ಈ ಸಲ ಸಭಾಪಾಲಕರು ನನಗೆ ಐದನೆಯದನ್ನು ಕೊಟ್ಟಿದ್ದರು.

ಏಳರಲ್ಲೂ ತೀರಾ ಚಿಕ್ಕ ಮಾತುಗಳಲ್ಲಿ ಅದೂ ಒಂದು. ಗ್ರೀಕ್ ಮೂಲದಲ್ಲಿ ಒಂದೇ ಪದ. ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, "ನನಗೆ ನೀರಡಿಕೆಯಾಗಿದೆ" ಎಂದಿದೆ. ಮೈಸೂರು ಕಡೆಯವರು ಬಾಯಾರಿಕೆ ಅನ್ನುತ್ತಾರೆ. ನಮ್ಮ ಕಡೆ ನೀರಡಿಕೆಯೇ. ಹೊಲದಿಂದ ಬಂದವರು, ಆಡಿ ದಣಿದ ಮಕ್ಕಳು ಬಾಗಿಲಲ್ಲೇ ನಿಂತು ಹೇಳುವ ಮಾತು ಅದು.

ಎರಡು ವಾರ ಕೂತು ನಾಲ್ಕು ಪುಟ ಬರೆದಿದ್ದೆ. ಯೋಹಾನನ ಸುವಾರ್ತೆಯಲ್ಲಿ ಮಾತ್ರ ಈ ಮಾತು ಸಿಗುತ್ತದೆ. ಅದೇ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಯೇಸು ಬಾವಿಯ ಹತ್ತಿರ ಕೂತು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ, ಆಮೇಲೆ ಜೀವಜಲದ ಮಾತಾಡುತ್ತಾನೆ. 69ನೇ ಕೀರ್ತನೆಯಲ್ಲಿ ನೀರಡಿಸಿದವನಿಗೆ ಹುಳಿರಸ ಕೊಟ್ಟ ಮಾತಿದೆ. ಇದನ್ನೆಲ್ಲ ಜೋಡಿಸಿ ಬರೆದಿದ್ದೆ.

ಪೀಠದ ಮುಂದೆ ನಿಂತು ವಚನ ಓದಿದೆ. ಆಮೇಲೆ ಕಾಗದದ ಕಡೆ ನೋಡಲಾಗಲಿಲ್ಲ. ಅವ್ವನ ದನಿ ಕೇಳಿಸಿತು.

ಅವ್ವ ಕೊನೆಯ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ನುಂಗುವ ಶಕ್ತಿ ಹೋಗಿತ್ತು. ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಬಾಯಿಗೆ ಏನೂ ಹಾಕಬೇಡಿ ಅಂದಿದ್ದರು. ಸಲೈನ್ ಹರಿಯುತ್ತಲೇ ಇತ್ತು, ಆದರೂ ತುಟಿ ಒಣಗಿ ಬಿರಿದಿತ್ತು. ರಾತ್ರಿಯೆಲ್ಲ ಒಂದೇ ಮಾತು. "ನೀರಡಿಕಿ ಆಗೇತಿ, ತಮ್ಮಾ."

"ತಡಿ ಅವ್ವಾ, ಒಂಚೂರು ತಡಿ" ಅನ್ನುತ್ತಿದ್ದೆ. ಎಷ್ಟು ಸಲ ಅಂದೆನೋ. ಹೆತ್ತ ತಾಯಿಗೆ ಒಂದು ಲೋಟ ನೀರು ಕೊಡಲಾಗದೆ ಕೂರುವುದು ಎಂಥ ಸಂಕಟ ಅಂತ ಕೂತವರಿಗೇ ಗೊತ್ತು. ಬೆಳಗಿನ ಜಾವ ನರ್ಸಮ್ಮ ಬಂದು ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಕೈಗೆ ಕೊಟ್ಟರು. "ತುಟಿಗೆ ಅಷ್ಟೇ ಹಚ್ಚಿರಿ" ಅಂದರು. ಹಚ್ಚಿದೆ. ಅವ್ವ ಆ ಹತ್ತಿಯನ್ನು ತುಟಿಯಲ್ಲೇ ಹಿಡಿದುಕೊಂಡಳು, ಮಗು ಮೊಲೆ ಹಿಡಿದಂತೆ. ಕಣ್ಣು ಮುಚ್ಚಿದಳು. ಆಮೇಲೆ ಬೆಳಗಾಗುವವರೆಗೆ ನೀರು ಕೇಳಲಿಲ್ಲ.

ಇದನ್ನೇ ಹೇಳಿದೆ. ಬರೆದ ಪುಟಗಳು ಕೈಯಲ್ಲೇ ಉಳಿದವು.

ಆ ಏಳರಲ್ಲಿ ಇದೊಂದೇ ಮಾತು ಕೆಳಗೆ ನಿಂತ ಜನರಿಂದ ಏನನ್ನಾದರೂ ಬೇಡುತ್ತದೆ ಅಂತ ಅನ್ನಿಸಿದ್ದು ಆಗಲೇ. ಉಳಿದೆಡೆ ಯೇಸು ಬೇರೆಯವರಿಗಾಗಿ ಕ್ಷಮೆ ಬೇಡುತ್ತಾನೆ, ಅದು ತಂದೆಯ ಹತ್ತಿರ. ಪಕ್ಕದ ಶಿಲುಬೆಯ ಕಳ್ಳನಿಗೆ ಪರದೈಸಿನ, ಅಂದರೆ ಸ್ವರ್ಗದ, ಮಾತು ಕೊಡುತ್ತಾನೆ. ತಾಯಿಯನ್ನು ಶಿಷ್ಯನಿಗೆ ಒಪ್ಪಿಸುತ್ತಾನೆ. ಇಲ್ಲಿ ಮಾತ್ರ ಗಂಟಲು ಒಣಗಿದ ಒಬ್ಬ ಮನುಷ್ಯ. ಶಿಲುಬೆಗೇರಿಸುವ ಜಾಗವಾದ ಗೊಲ್ಗೊಥಾಕ್ಕೆ ಬಂದಾಗ ನೋವು ಮರೆಸಲು ಕೊಟ್ಟ, ರಕ್ತಬೋಳ ಎಂಬ ಕಹಿ ಅಂಟು ಬೆರೆಸಿದ ದ್ರಾಕ್ಷಾರಸವನ್ನು ಅವನು ಬೇಡ ಅಂದಿದ್ದ, ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಈಗ ಯಾರೋ ಸ್ಪಂಜನ್ನು ಹುಳಿರಸದಲ್ಲಿ ಅದ್ದಿ, ಹಿಸ್ಸೋಪ್ ಗಿಡದ ಕೋಲಿಗೆ ಸಿಕ್ಕಿಸಿ ಬಾಯಿಗೆ ಮುಟ್ಟಿಸಿದರು. ಹಿಡಿದವರ ಹೆಸರಿಲ್ಲ. ಸಿಪಾಯಿಗಳು ಕುಡಿಯುವ ಅಗ್ಗದ ರಸ ಅದು. ಅವನು ಬೇಡ ಅನ್ನಲಿಲ್ಲ. ತೆಗೆದುಕೊಂಡ.

ಅಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲೇ ಒಣಗಿತ್ತು. ಹೋಗಿ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೈ ಮೇಲೆ ಕೈ ಇಟ್ಟರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆರನೆಯ ಮಾತಿಗೆ ಸಭೆಯ ಹಿರಿಯರೊಬ್ಬರು ಎದ್ದರು. ಕನ್ನಡಕ ಸರಿಮಾಡಿಕೊಂಡು, ನಾನು ಬಿಟ್ಟಲ್ಲಿಂದಲೇ ಓದಿದರು. ಹುಳಿರಸವನ್ನು ತೆಗೆದುಕೊಂಡ ಮೇಲೆ ಯೇಸು, "ತೀರಿತು" ಅಂದನು.